ಗೇಣು ಹೆಚ್ಚಾದ ಹಗ್ಗ

ಚೌಕದಮ್ಮ ಕೆಲಸಕ್ಕೆ ಸೇರಿದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ. ಬೆಳೆ ಅಂಕಿಅಂಶಗಳ ಇಲಾಖೆ ಎಂದರೆ ಫ್ಯಾನಿನ ಕೆಳಗೆ ಕೂತು ಕೂಡಿ ಕಳೆಯುವ ಕೆಲಸ, ಹೆಣ್ಣುಮಗಳಿಗೆ ಹೇಳಿ ಮಾಡಿಸಿದ್ದು ಎಂದು ಅವಳ ತಂದೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೊದಲ ದಿನ ಇಲಾಖೆಯವರು ಅವಳ ಕೈಗೆ ಕೊಟ್ಟದ್ದು ಎರಡು ಕುಡುಗೋಲು, ಒಂದು ತಕ್ಕಡಿ, ನಾಲ್ಕು ಗೂಟ, ಒಂದು ಟಾರ್ಪಾಲು ಮತ್ತು ಹೆಗಲಿಗೇರಿಸಿದರೆ ಹೆಗಲೇ ಕಿತ್ತುಬರುವಷ್ಟು ಭಾರದ ಕಬ್ಬಿಣದ ಸರಪಳಿ. "ನಾಳೆಯಿಂದ ಹೊಲ" ಎಂದರು. ಫ್ಯಾನು ಇದ್ದದ್ದು ಸಾಹೇಬರ ಕೋಣೆಯಲ್ಲಿ ಮಾತ್ರ.

ಕೆಲಸ ಹೇಳುವುದಕ್ಕೆ ಸುಲಭ. ದೇಶದಲ್ಲಿ ಎಷ್ಟು ಧಾನ್ಯ ಬೆಳೆಯಿತು ಎಂದು ತಿಳಿಯಲು ಎಲ್ಲ ಹೊಲಗಳ ಫಸಲನ್ನೂ ತೂಗುತ್ತ ಕೂರಲಾಗುವುದಿಲ್ಲ. ಅದಕ್ಕೇ ಚೀಟಿ ಎತ್ತಿದ ಹಾಗೆ ಅಲ್ಲೊಂದು ಇಲ್ಲೊಂದು ಹೊಲವನ್ನು ಆರಿಸುತ್ತಾರೆ. ಆ ಹೊಲದ ಮೂಲೆಯಲ್ಲಿ ನಿಂತು, ಕೈಯಲ್ಲಿರುವ ಪಟ್ಟಿ ಹೇಳಿದಷ್ಟು ಹೆಜ್ಜೆ ಉದ್ದಕ್ಕೆ, ಹೇಳಿದಷ್ಟು ಹೆಜ್ಜೆ ಅಡ್ಡಕ್ಕೆ ನಡೆಯಬೇಕು. ನಿಂತ ಜಾಗದಲ್ಲಿ ಗೂಟ ಹೊಡೆದು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಾಕಬೇಕು. ಅದರೊಳಗಿನ ಪೈರನ್ನು ಕೊಯ್ದು, ಬಡಿದು, ತೂರಿ, ಒಣಗಿಸಿ, ಕಾಳನ್ನು ತೂಗಿ ಬರೆಯಬೇಕು. ಅಂಥ ಸಾವಿರಾರು ಚೌಕಗಳ ತೂಕ ಸೇರಿ ಜಿಲ್ಲೆಯ ಅಂಕಿ, ಜಿಲ್ಲೆಗಳ ಅಂಕಿ ಸೇರಿ ದೇಶದ ಅಂಕಿ. ಕೊನೆಗೊಂದು ದಿನ ಪತ್ರಿಕೆಯ ಮೊದಲ ಪುಟದಲ್ಲಿ 'ಈ ವರ್ಷ ಇಷ್ಟು ಕೋಟಿ ಟನ್' ಎಂದು ದಪ್ಪಕ್ಷರದಲ್ಲಿ ಬರುತ್ತದೆ. ಓದಿದವರು ಹೌದಾ ಎಂದು ಪುಟ ತಿರುಗಿಸುತ್ತಾರೆ.

ಮೊದಲ ಹಂಗಾಮಿನಲ್ಲಿ ಅವಳ ಭತ್ತದ ಚೌಕ ಸರಾಸರಿ ಐದು ಕಿಲೋ ತೂಗಿತು. ಜೋಳ ಮೂರು ಕಿಲೋ ದಾಟಲಿಲ್ಲ. ಪಟ್ಟಿಯಲ್ಲಿದ್ದ ಅರವತ್ತು ಹೊಲಗಳಲ್ಲಿ ಇಪ್ಪತ್ತು ಹೊಲಗಳದು ಸಜ್ಜೆ, ನವಣೆ, ಹಾರಕದಂಥ ಕಿರುಧಾನ್ಯ. ಕೊಯ್ದು ಬಡಿದರೆ ಸಿಕ್ಕಿದ್ದು ಟೋಪಿಯಲ್ಲಿ ಹಿಡಿಸುವಷ್ಟು. ಹೊಲದವರಿಗಂತೂ ಅವಳ ಕೆಲಸ ನೋಡುವುದೇ ಒಂದು ಮನರಂಜನೆ. ಚೌಕ ಹಾಕುವವಳೆಂದು ಚೌಕದಮ್ಮ ಎಂಬ ಹೆಸರಿಟ್ಟವರೂ ಅವರೇ. "ಅಮ್ಮಾ, ಆ ಮೂಲೆಗೆ ಯಾಕೆ ಹೋಗ್ತೀರಿ, ಅಲ್ಲಿ ಬರೀ ಕಳೆ. ಈ ಕಡೆ ಬನ್ನಿ, ತೆನೆ ನೋಡಿ ಹೇಗಿದೆ!" ಎಂದು ಒಬ್ಬ ಕರೆದರೆ, ಮತ್ತೊಬ್ಬ ಬೆಳೆ ಕೆಟ್ಟಿರುವ ಕಡೆಗೇ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ. ಅವಳು ಇಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದಳು: "ಪಟ್ಟಿ ಎಲ್ಲಿಗೆ ಹೋಗು ಅಂತದೋ ಅಲ್ಲಿಗೆ ಹೋಗ್ತೀನಪ್ಪಾ. ಮದುವೆನೂ ಈ ಪಟ್ಟಿನೇ ಕೇಳಿ ಆಗ್ತೀನೇನೋ!"

ಮದುವೆ ಪಟ್ಟಿ ಕೇಳದೆಯೇ ಆಯಿತು. ಸರಪಳಿ ಹೊತ್ತು ಹೊತ್ತು ಹೆಗಲ ಬಳಿ ಹರಿದ ರವಿಕೆಗಳನ್ನು ಹೊಲಿಸಲು ಪೇಟೆಯ ದರ್ಜಿಯಂಗಡಿಗೆ ಹೋಗಿದ್ದಳು. ದರ್ಜಿ ಒಂದಾದ ಮೇಲೊಂದರಂತೆ ಮೂರು ರವಿಕೆಗಳನ್ನು ತಿರುವಿ ನೋಡಿ, ಮೂರೂ ಎಡಹೆಗಲಲ್ಲೇ ಹರಿದಿರುವುದನ್ನು ಕಂಡು, "ಏನ್ರೀ ಕೆಲಸ ಮಾಡ್ತೀರಿ ನೀವು? ಎತ್ತಿನ ಬದಲು ನೀವೇ ನೊಗಕ್ಕೆ ಹೆಗಲು ಕೊಡ್ತೀರಾ?" ಎಂದ. ಅವಳು ನಕ್ಕು ವಿವರಿಸಿದಳು. ಅವನು ಹೆಗಲಿನೊಳಗೆ ಎರಡು ಪದರ ಮೆತ್ತೆ ಇಟ್ಟು ಹೊಲಿದುಕೊಟ್ಟ. ಎಂಟು ತಿಂಗಳ ಮೇಲೆ ಆ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಗೆ ಸೊಸೆಯಾಗಿ ಬಂದಳು. ಅತ್ತೆ ಕಿವಿ ಮಂದ, ಕಣ್ಣು ಚುರುಕು. ಸೊಸೆ ಚೀಲ ಹೊತ್ತು ಹೊರಡುವುದನ್ನು ಮೊದಲ ವಾರ ನೋಡಿ, "ಊರಿನವರ ಹೊಲ ಕೊಯ್ಯೋಕೆ ನಮ್ಮ ಮನೆಯವಳೇ ಬೇಕಾ?" ಎಂದು ಗೊಣಗಿದ್ದು ಬಿಟ್ಟರೆ ಇನ್ನಾವ ತಕರಾರೂ ತೆಗೆಯಲಿಲ್ಲ.

ಚೌಕದ ಇನ್ನೊಂದು ತುದಿ ಹಿಡಿಯಲು ಇಲಾಖೆ ಕೊಟ್ಟಿದ್ದ ಸಹಾಯಕ ಅವಳಿಗಿಂತ ಮೂರು ವರ್ಷ ಚಿಕ್ಕವನು, ಹರೆಯದಲ್ಲಿ ಕುಸ್ತಿ ಮಾಡಿದವನು. ಎಲ್ಲರ ಬಾಯಲ್ಲೂ ಪೈಲ್ವಾನ್. ಕುಸ್ತಿ ಬಿಟ್ಟರೂ ಕುಸ್ತಿಯ ಮೈ ಅವನನ್ನು ಬಿಟ್ಟಿರಲಿಲ್ಲ. ಗೂಟವನ್ನು ಒಂದೇ ಏಟಿಗೆ ನೆಲಕ್ಕಿಳಿಸುತ್ತಿದ್ದ. ಕಾಳು ತೂರುವಾಗ ಗಾಳಿ ಬೀಸದಿದ್ದರೆ ಮೊರವನ್ನು ಅವನೇ ಅಂಥ ರಭಸದಿಂದ ಬೀಸುತ್ತಿದ್ದನೆಂದರೆ ಹೊಟ್ಟು ಪಕ್ಕದ ಹೊಲಕ್ಕೆ ಹಾರುತ್ತಿತ್ತು. ಮಾಡುವ ಕೆಲಸವನ್ನು ಅರೆಮನಸ್ಸಿನಿಂದ ಮಾಡಿ ಗೊತ್ತಿಲ್ಲದ ಮನುಷ್ಯ. ಮುಂದೆ ಆದ ಫಜೀತಿಗೆ ಅರ್ಧ ಕಾರಣ ಈ ಒಳ್ಳೆಯ ಗುಣವೇ.

ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ಕಳೆದ ಮೇಲೆ ಸರಪಳಿಯ ಕಾಲ ಮುಗಿಯಿತು. ಇಲಾಖೆ ದೇಶಕ್ಕೆಲ್ಲ ಹೊಸ ಹಗ್ಗ ಹಂಚಿತು. ನೀಲಿ ಬಣ್ಣ, ಹೂವಿನಷ್ಟು ಹಗುರ, ಎರಡು ತುದಿಗೂ ಹಿತ್ತಾಳೆಯ ಬಳೆ, ಬಳೆಯಿಂದ ಬಳೆಗೆ ಸರಿಯಾಗಿ ಐದು ಮೀಟರ್. ಚೌಕದಮ್ಮ ಸರಪಳಿಯನ್ನು ಕಚೇರಿಯ ಉಗ್ರಾಣಕ್ಕೆ ಒಪ್ಪಿಸಿ ಬಂದ ದಿನ ಊರಿಗೆಲ್ಲ ಸಿಹಿ ಹಂಚುವುದೊಂದು ಬಾಕಿ. ಪೈಲ್ವಾನ್ ಮಾತ್ರ ಹಗ್ಗವನ್ನು ಅನುಮಾನದಿಂದ ನೋಡಿದ.

"ಇದು ಜೋತು ಬೀಳುತ್ತೆ ಅಕ್ಕಾ. ಜೋತು ಬಿದ್ರೆ ಅಳತೆ ಕಮ್ಮಿ ಆಗುತ್ತೆ."

"ಹಾಗಾದ್ರೆ ಬಿಗಿಯಾಗಿ ಎಳಿಯೋ" ಎಂದಳು ಅವಳು.

ಈ ಒಂದು ಮಾತನ್ನು ಅವನು ಒಂಬತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದ. ಕೆಸರುಗದ್ದೆಯಲ್ಲಿ, ಮಂಜಿನಲ್ಲಿ, ಸುಡುಬಿಸಿಲಲ್ಲಿ, ಹಿತ್ತಾಳೆಯ ಬಳೆಯನ್ನು ಮುಷ್ಟಿಯಲ್ಲಿ ಹಿಡಿದು, ಹಿಮ್ಮಡಿ ಊರಿ, ಎದುರಾಳಿಯನ್ನು ಅಖಾಡದಿಂದ ಹೊರಗೆಳೆಯುವವನಂತೆ ಎಳೆಯುತ್ತಿದ್ದ. ಹಗ್ಗ ಟಣ್ಣೆಂದು ಸದ್ದು ಮಾಡಿದ ಮೇಲಷ್ಟೇ ಗೂಟ ಬೀಳುತ್ತಿದ್ದದ್ದು.

ಆ ಒಂಬತ್ತು ವರ್ಷ ಎಲ್ಲೆಲ್ಲೂ ಒಳ್ಳೆಯ ಸುದ್ದಿ. ಹೊಸ ತಳಿಯ ಬೀಜ ಬಂದಿತ್ತು, ಕಾಲುವೆ ಬಂದಿತ್ತು, ಗೊಬ್ಬರ ಸಿಗುತ್ತಿತ್ತು. ಚೌಕದ ತೂಕ ವರ್ಷ ವರ್ಷ ಏರಿತು. ಆರೂವರೆ, ಏಳು, ಏಳೂವರೆ, ಎಂಟು. ಒಂಬತ್ತನೆಯ ವರ್ಷ ಅವಳ ವಲಯದ ಭತ್ತದ ಸರಾಸರಿ ಎಂಟು ಕಿಲೋ ನಾನೂರು ಗ್ರಾಂ. ಜಿಲ್ಲಾ ಕಚೇರಿಯ ಸಾಹೇಬರು ತೆಳ್ಳಗಿನ, ಬೇಗ ಗಾಬರಿಯಾಗುವ ಮನುಷ್ಯ. ಅವರು ಹೊರಗಿನ ಮೊಗಸಾಲೆಯ ಗೋಡೆಯ ಮೇಲೆ ಆಳೆತ್ತರದ ಹಲಗೆ ಹಾಕಿಸಿ, ಅದರಲ್ಲಿ ಇಪ್ಪತ್ತು ವರ್ಷದ ಬೆಳೆಯ ಏರಿಕೆಯನ್ನು ಕೆಂಪು ಬಣ್ಣದ ಗೆರೆಯಾಗಿ ಬರೆಸಿದರು. ಎಡಗಡೆ ಮೊಣಕಾಲಿನ ಮಟ್ಟದಲ್ಲಿ ಶುರುವಾದ ಗೆರೆ ಬಲಗಡೆ ಹೋಗುವಷ್ಟರಲ್ಲಿ ತಲೆಯ ಮೇಲಿತ್ತು. ಬಂದ ಅತಿಥಿಗಳನ್ನೆಲ್ಲ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸುವುದು ಅವರಿಗೆ ಅಭ್ಯಾಸವಾಯಿತು.

ಹತ್ತನೆಯ ವರ್ಷ ಉಕ್ಕಿನ ಟೇಪು ಬಂತು. ದುಂಡಗಿನ ಡಬ್ಬಿಯೊಳಗಿಂದ ಸರ್ರನೆ ಹೊರಬಂದು ಸರ್ರನೆ ಒಳಹೋಗುವ ಟೇಪು. ಹಗ್ಗ ಚೀಲದ ತಳ ಸೇರಿತು. ಆ ವರ್ಷ ಮಳೆ ಹದವಾಗಿ ಬಿದ್ದಿತ್ತು, ತೆನೆ ತುಂಬಿ ಬಾಗಿತ್ತು. ಚೌಕದಮ್ಮ ಅರವತ್ತು ಹೊಲ ಮುಗಿಸಿ ಸರಾಸರಿ ತೆಗೆದು ನೋಡಿದರೆ ಏಳು ಕಿಲೋ ಎಂಟುನೂರು.

ಮತ್ತೆ ಕೂಡಿದಳು. ಮತ್ತೆ ಭಾಗಿಸಿದಳು. ಅಷ್ಟೇ.

ಅಂಕಿ ಕಚೇರಿ ತಲುಪಿದ ಮರುದಿನವೇ ಸಾಹೇಬರಿಂದ ಕರೆ ಬಂತು. "ಏನಮ್ಮಾ ಇದು? ಇಷ್ಟು ಒಳ್ಳೆ ಮಳೆಯಲ್ಲಿ ಆರುನೂರು ಗ್ರಾಂ ಇಳಿದಿದೆಯಲ್ಲ! ಹುಳ ಬಿದ್ದಿದೆಯಾ? ರೋಗ ಬಂದಿದೆಯಾ?"

"ಕಣ್ಣಿಗೆ ಏನೂ ಕಾಣ್ಲಿಲ್ಲ ಸಾರ್."

"ಕಣ್ಣಿಗೆ ಕಾಣದ ರೋಗವೇ ಇರಬೇಕು" ಎಂದು ಸಾಹೇಬರು ತೀರ್ಮಾನಿಸಿದರು.

ನಾಲ್ಕೇ ದಿನಕ್ಕೆ ಸಸ್ಯರೋಗದ ತಜ್ಞರ ಗುಂಪು ಜೀಪಿನಲ್ಲಿ ಬಂದಿಳಿಯಿತು. ಕೊಯ್ಲಾದ ಹೊಲಗಳಲ್ಲಿ ಬಗ್ಗಿ ಕೂಳೆ ಕಿತ್ತರು, ಬೇರು ಸೀಳಿದರು, ಭೂತಗನ್ನಡಿ ಹಿಡಿದರು, ಮಣ್ಣನ್ನು ಪೊಟ್ಟಣ ಕಟ್ಟಿದರು. ಊರಿನಲ್ಲಿ ಗುಸುಗುಸು ಎದ್ದಿತು. ಮುಂದಿನ ಬೆಳೆಗೆ ಬೀಜ ಹಾಕುವುದೋ ಬೇಡವೋ ಎಂದು ಕೆಲವರು ತಲೆಯ ಮೇಲೆ ಕೈಹೊತ್ತರು. ತಜ್ಞರನ್ನು ಮುದುಕನೊಬ್ಬನ ಹೊಲಕ್ಕೆ ಕರೆದುಕೊಂಡು ಹೋಗುವ ಪಾಡು ಚೌಕದಮ್ಮನದಾಯಿತು. ಎಲ್ಲದಕ್ಕೂ ಗೊಣಗುತ್ತಿದ್ದದ್ದರಿಂದ ಅವನು ಊರಿಗೆಲ್ಲ ಗೊಣಗಜ್ಜ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅವರು ಬೇರು ಸೀಳುವುದನ್ನು ಬಹಳ ಹೊತ್ತು ನೋಡಿ, ಕೊನೆಗೆ ಅವನು ಬಾಯಿ ಬಿಟ್ಟ.

"ಏನು ಹುಡುಕ್ತಿದ್ದಾರೆ ಇವರು?"

"ಬೆಳೆ ಯಾಕೆ ಕಮ್ಮಿ ಆಯ್ತು ಅಂತ ಅಜ್ಜಾ."

"ಯಾರದ್ದು ಕಮ್ಮಿ ಆಯ್ತು?"

"ನಿಮ್ಮದೇ. ಹೋದ ವರ್ಷವೂ ಪಟ್ಟಿಯಲ್ಲಿ ನಿಮ್ಮ ಹೊಲ ಇತ್ತಲ್ಲ, ಆಗ ಎಂಟೂವರೆ ಕಿಲೋ ಬಂದಿತ್ತು. ಈ ಸಲ ಎಂಟೂ ಮುಟ್ಟಿಲ್ಲ."

ಗೊಣಗಜ್ಜನಿಗೆ ರೇಗಿಹೋಯಿತು. "ಏನು ತಾಯಿ, ನನ್ನ ಹೊಲದಲ್ಲಿ ನಿಂತು ನನ್ನ ಬೆಳೆ ಕಮ್ಮಿ ಅಂತೀಯಾ! ಹೋದ ವರ್ಷ ನಲವತ್ತೊಂದು ಮೂಟೆ ಹೊಲಿದೆ. ಈ ವರ್ಷ ನಲವತ್ತೆರಡು. ಅದೇ ಗೋಣಿಚೀಲ, ಅದೇ ಸೂಜಿ, ಹೊಲಿದದ್ದೂ ಇದೇ ಕೈ. ಬೇಕಾದ್ರೆ ಬಂದು ಎಣಿಸ್ಕೋ!"

ಬೆಳೆಯ ವಿಷಯದಲ್ಲಿ 'ಚೆನ್ನಾಗಿದೆ' ಎಂಬ ಮಾತು ಗೊಣಗಜ್ಜನ ಬಾಯಿಂದ ಬಂದದ್ದನ್ನು ಆ ಊರು ಅದುವರೆಗೆ ಕೇಳಿರಲಿಲ್ಲ. ಅಂಥವನೇ ಒಂದು ಮೂಟೆ ಹೆಚ್ಚು ಎಂದ ಮೇಲೆ ಅದು ಹೆಚ್ಚೇ ಆಗಿರಬೇಕು. ಚೌಕದಮ್ಮ ಅವನ ಮನೆಗೆ ಹೋಗಿ ಎಣಿಸಿದಳು. ನಲವತ್ತೆರಡು. ಅಲ್ಲಿಂದ ಇನ್ನೂ ಐದಾರು ಮನೆ ಸುತ್ತಿದಳು. ಎಲ್ಲರ ಮನೆಯಲ್ಲೂ ಹೋದ ವರ್ಷದಷ್ಟೇ, ಇಲ್ಲವೇ ಒಂದೆರಡು ಮೂಟೆ ಹೆಚ್ಚು. ಊರೆಲ್ಲ ಹೆಚ್ಚು ಬೆಳೆದು, ಅವಳ ಚೌಕ ಮಾತ್ರ ಕಡಿಮೆ ಬೆಳೆಯುವುದು ಹೇಗೆ?

ಮನೆಗೆ ಬಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಗಂಡ ಒಬ್ಬ ಗಿರಾಕಿಯ ಹೊಟ್ಟೆಯ ಅಳತೆ ತೆಗೆಯುತ್ತಿದ್ದ. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಅವನು ಹೋದ ಮೇಲೆ ಗಂಡ ಕತ್ತಿನಲ್ಲಿದ್ದ ಟೇಪನ್ನು ತೆಗೆದು ಕಸದ ಡಬ್ಬಿಗೆ ಹಾಕಿ ಖಾನೆಯಿಂದ ಹೊಸದೊಂದನ್ನು ತೆಗೆದ.

"ಚೆನ್ನಾಗೇ ಇತ್ತಲ್ರೀ ಅದು, ಯಾಕೆ ಬಿಸಾಕಿದ್ರಿ?" ಎಂದಳು, ಸುಮ್ಮನೆ ಮಾತಿಗೆ.

"ವರ್ಷ ಆಯ್ತಲ್ಲೇ. ಬಟ್ಟೆ ಟೇಪು ಎಳೆದೂ ಎಳೆದೂ ಉದ್ದ ಆಗುತ್ತೆ. ಉದ್ದ ಆದ ಟೇಪಲ್ಲಿ ಅಳೆದ್ರೆ ಊರೋರೆಲ್ಲ ಸಣ್ಣ ಆಗಿಬಿಡ್ತಾರೆ. ಈಗ ಹೋದ್ನಲ್ಲ, ಅವನಿಗೆ ಮೂವತ್ತೆಂಟು ಅಂತ ತೋರಿಸ್ತು. ಆ ಹೊಟ್ಟೆ ಮೂವತ್ತೆಂಟಾ? ಖುಷಿಯಾಗಿ ಹೋದ ಪಾಪ. ಅಂಗಿ ಹಾಕ್ಕೊಂಡಾಗ ಗುಂಡಿ ಹಾರಿ ನನ್ನ ಕಣ್ಣಿಗೇ ಬೀಳುತ್ತೆ."

ಚೌಕದಮ್ಮ ಎದ್ದು ನಿಂತಳು. ಒಳಗೆ ಹೋಗಿ ಚೀಲ ಬುಡಮೇಲು ಮಾಡಿ ನೀಲಿ ಹಗ್ಗವನ್ನು ಹೊರಗೆಳೆದಳು. ಪಡಸಾಲೆಯ ಒಂದು ಕೊನೆಯಿಂದ ಬಾಗಿಲಿನವರೆಗೆ ಉಕ್ಕಿನ ಟೇಪನ್ನು ಹಾಸಿದಳು.

"ಅತ್ತೇ, ಈ ಬಳೆ ಸ್ವಲ್ಪ ಹಿಡ್ಕೊಳ್ಳಿ!"

"ಯಾವ ಬಳೆ? ನನ್ನ ಕೈಗೆ ಆಗಲ್ಲ ಅದು" ಎಂದರು ಅತ್ತೆ.

"ಹಾಕ್ಕೊಳ್ಳೋಕಲ್ಲ ಅತ್ತೆ, ಹಿಡ್ಕೊಳ್ಳೋಕೆ! ಟೇಪಿನ ಸೊನ್ನೆ ಮೇಲೆ ಇಟ್ಟು ಒತ್ತಿ."

ಅತ್ತೆ ಒತ್ತಿ ಹಿಡಿದರು. ಅವಳು ಇನ್ನೊಂದು ತುದಿಯನ್ನು ಮೆಲ್ಲಗೆ, ಬರಿಯ ಎರಡು ಬೆರಳಿನಿಂದ ನೇರ ಮಾಡಿ ನೆಲಕ್ಕಿಟ್ಟಳು. ಐದು ಮೀಟರಿನ ಗುರುತು ದಾಟಿ, ಹೊಸ್ತಿಲು ಮುಟ್ಟಿ, ಹಿತ್ತಾಳೆಯ ಬಳೆ ನಿಂತದ್ದು ಐದು ಮೀಟರ್ ಹತ್ತೊಂಬತ್ತು ಸೆಂಟಿಮೀಟರಿನ ಮೇಲೆ.

ಹತ್ತಿರ ಹತ್ತಿರ ಒಂದು ಗೇಣು.

ಉದ್ದಕ್ಕೊಂದು ಗೇಣು, ಅಗಲಕ್ಕೊಂದು ಗೇಣು. ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದಳು. ಇಪ್ಪತ್ತೈದು ಚದರ ಮೀಟರ್ ಎಂದುಕೊಂಡು ಅವಳು ಕೊಯ್ದದ್ದು ಸುಮಾರು ಇಪ್ಪತ್ತೇಳು. ಹೋದ ವರ್ಷದ ಎಂಟು ಕಿಲೋ ನಾನೂರನ್ನು ಆ ಲೆಕ್ಕದಲ್ಲಿ ಇಳಿಸಿದರೆ ಬರುವುದು ಈ ವರ್ಷದ್ದೇ ಏಳು ಕಿಲೋ ಎಂಟುನೂರು, ಕೆಲವು ಗ್ರಾಂ ಆಚೀಚೆ ಅಷ್ಟೆ. ಹುಳವೂ ಇಲ್ಲ, ರೋಗವೂ ಇಲ್ಲ. ಒಂಬತ್ತು ವರ್ಷ ವರ್ಷಕ್ಕಿಷ್ಟು ಎಂದು ಹಗ್ಗ ಹಿಗ್ಗಿತ್ತು, ಅದರ ಜೊತೆಗೆ ಇಲಾಖೆಯೂ ಹಿಗ್ಗಿತ್ತು.

ಅವಳ ಮುಖ ನೋಡಿ ಗಂಡ ಗಾಬರಿಯಾದ. "ಏನಾಯ್ತೇ?"

"ಒಂಬತ್ತು ವರ್ಷ, ಐನೂರು ಚಿಲ್ಲರೆ ಚೌಕ ರೀ. ಒಂದೂ ಸರಿ ಇಲ್ಲ."

ಮರುದಿನ ಬೆಳಗ್ಗೆ ಪೈಲ್ವಾನ್‌ಗೆ ಹೇಳಿದಾಗ ಅವನು ಹಗ್ಗವನ್ನು ಒಂದು ಬಳೆಯಿಂದ ಇನ್ನೊಂದು ಬಳೆಯವರೆಗೆ ಬೆರಳಿನಿಂದ ಸವರಿದ. ಅಳುತ್ತಾನೇನೋ ಎಂದು ಅವಳಿಗೆ ಭಯವಾಯಿತು. ಕೊನೆಗೆ ಅವನು ತನ್ನ ಎರಡೂ ಅಂಗೈ ಚಾಚಿ ನೋಡಿಕೊಂಡು, "ಅಂದ್ರೆ ಅಕ್ಕಾ, ಇಷ್ಟು ವರ್ಷ ದೇಶದ ಬೆಳೆನ ಮೇಲಕ್ಕೆ ಎಳೆದವನು ನಾನೇನಾ?" ಎಂದ. ಆ ಧ್ವನಿಯಲ್ಲಿ ದುಃಖ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆದರೆ ಸೈಕಲ್ಲು ಕಚೇರಿಯ ಕಡೆಗೆ ತಿರುಗಿದಾಗ ಇಬ್ಬರ ನಗೆಯೂ ಒಣಗಿತ್ತು. ಹೇಳದೆ ಇರಬಹುದಿತ್ತು. ಹಗ್ಗ ಬಳಕೆಯಿಂದ ಹೋಗಿತ್ತು. ಇನ್ನೆರಡು ವರ್ಷ ಬೆಳೆ ಏರಿದರೆ ಆ ತಗ್ಗು ತಾನಾಗಿ ಮರೆತುಹೋಗುತ್ತಿತ್ತು. ಆದರೆ ಹೊಲಗಳಲ್ಲಿ ಇಲ್ಲದ ರೋಗವನ್ನು ಹುಡುಕುತ್ತಿದ್ದರು, ಬೀಜ ಹಾಕಲೋ ಬೇಡವೋ ಎಂದು ಜನ ಒದ್ದಾಡುತ್ತಿದ್ದರು.

ಸಾಹೇಬರು ಪೂರ್ತಿ ಕೇಳಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಪ್ರತಿ ಹಂಗಾಮಿಗೂ ಮುಂಚೆ ಹಗ್ಗಾನ ಕಚೇರಿ ಅಂಗಳದ ಗುರುತಿನ ಕಂಬಗಳಿಗೆ ಹಿಡಿದು ನೋಡ್ಬೇಕು ಅಂತ ನಿಯಮ ಇದೆಯಲ್ಲಮ್ಮಾ!"

"ಆ ಕಂಬ ಎಲ್ಲಿವೆ ಸಾರ್?"

ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು. ಅಂಗಳದಲ್ಲಿ, ಐದು ಮೀಟರ್ ಅಂತರದಲ್ಲಿ ಎರಡು ಕಬ್ಬಿಣದ ಗೂಟಗಳಿದ್ದ ಜಾಗದಲ್ಲಿ, ಈಗ ಸಿಮೆಂಟು ಬಳಿದ ಸೈಕಲ್ ಸ್ಟ್ಯಾಂಡ್ ಇತ್ತು. ಎಂಟು ವರ್ಷದ ಹಿಂದೆ ಅವರೇ ಉದ್ಘಾಟಿಸಿದ್ದು.

ಎದ್ದು ಹೋಗಿ ಕಿಟಕಿ ಮುಚ್ಚಿದರು. ಆಮೇಲೆ ಅವರು ಮೆಲ್ಲಗೆ, "ಆ ಹಗ್ಗ ಈಗ ಎಲ್ಲಿದೆ?" ಎಂದರು.

"ಚೀಲದಲ್ಲಿದೆ ಸಾರ್."

"ಅಕಸ್ಮಾತ್ ಎಲ್ಲಾದ್ರೂ ಬಾವಿಗೀವಿಗೆ ಬಿದ್ದುಹೋದ್ರೆ…"

"ಸಾರ್."

"ಇಲ್ಲ ಇಲ್ಲ, ಸುಮ್ನೆ ಅಂದೆ." ಅವರು ಬೆವರು ಒರೆಸಿಕೊಂಡರು. ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಮೊಗಸಾಲೆಯ ಹಲಗೆಯನ್ನು ನೆನೆಸಿಕೊಂಡೋ ಏನೋ, ಎರಡು ಸಲ ಬಾಗಿಲಿನ ಕಡೆ ನೋಡಿದರು. ಕೊನೆಗೆ ದೊಡ್ಡ ನಿಟ್ಟುಸಿರು ಬಿಟ್ಟು, "ರಾಜಧಾನಿಗೆ ಫೋನ್ ಹಚ್ತೀನಿ. ಮಾತಾಡೋದು ಮಾತ್ರ ನೀವೇ" ಎಂದರು.

ರಾಜಧಾನಿಯಲ್ಲಿ ದೇಶದ ಅಂಕಿಗಳನ್ನೆಲ್ಲ ಒಟ್ಟುಗೂಡಿಸುತ್ತಿದ್ದ ಹಿರಿಯ ಅಧಿಕಾರಿ ಒಬ್ಬ ಹೆಂಗಸು. ಎಲ್ಲ ಲೆಕ್ಕವನ್ನೂ ಸ್ವಂತ ಕೈಯಿಂದ ಗೆರೆ ಎಳೆದು ನೋಡಿದ ಹೊರತು ನಂಬುತ್ತಿರಲಿಲ್ಲವಾದ್ದರಿಂದ ಇಲಾಖೆಯಲ್ಲೆಲ್ಲ ಅವರು ಗೆರೆ ಮೇಡಂ. ಚೌಕದಮ್ಮ ಬೈಗುಳಕ್ಕೆ ಸಿದ್ಧಳಾಗಿ, ಹಗ್ಗದ ಕಥೆಯನ್ನು ಶುರುವಿನಿಂದ ಕೊನೆಯವರೆಗೆ ಒಪ್ಪಿಸಿದಳು. ಆ ಕಡೆಯಿಂದ ಕಾಗದ ಮಗುಚುವ ಸದ್ದು ಬಂತು. ಆಮೇಲೆ ಮೇಜು ಗುದ್ದಿದ ಸದ್ದು.

"ಅಬ್ಬಾ, ಸಿಕ್ತು!" ಎಂದರು ಗೆರೆ ಮೇಡಂ. "ಏಳು ವರ್ಷದಿಂದ ಹುಡುಕ್ತಿದ್ದೀನಿ ಕಣಮ್ಮಾ! ನಿಮ್ಮ ವಲಯದ ಗೆರೆ ಮಾತ್ರ ಪಕ್ಕದವರಿಗಿಂತ ಕಡಿದಾಗಿ ಏರುತ್ತೆ. ಅದೇ ಮಣ್ಣು, ಅದೇ ಬೀಜ, ಅದೇ ಕಾಲುವೆ ನೀರು. ನಿಮ್ಮ ಕಡೆಯೋರು ಏನು ಮಂತ್ರ ಹಾಕ್ತಾರೋ ಅಂತಿದ್ದೆ. ಹಗ್ಗ! ನನಗೆ ಹೊಳೀಲೇ ಇಲ್ಲ ನೋಡಿ. ಬೇರೆಯವರ ಹಗ್ಗಗಳು ಹೇಗಿವೆಯೋ? ನೀವೇ ಹೋಗಿ ಎಲ್ಲವನ್ನೂ ಅಳೆದುಬನ್ನಿ."

"ಎಲ್ಲ ಅಂದ್ರೆ ಎಷ್ಟು ಮೇಡಂ?"

"ಈ ಸುತ್ತಿನ ಜಿಲ್ಲೆಗಳದ್ದು ನೂರ ಅರವತ್ತಮೂರು. ಹಗ್ಗ ಎಳೆಯೋರು ಒಬ್ಬರಿದ್ದಾರಲ್ಲ, ಅವರನ್ನೂ ಕರ್ಕೊಂಡು ಹೋಗಿ. ಆದ್ರೆ ಹಗ್ಗ ಮುಟ್ಟೋಕೆ ಬಿಡ್ಬೇಡಿ."

ಹೀಗೆ ಚೌಕದಮ್ಮನೂ ಪೈಲ್ವಾನನೂ ಎರಡು ತಿಂಗಳು ಬಸ್ಸಿನಲ್ಲಿ, ರೈಲಿನಲ್ಲಿ, ಟ್ರ್ಯಾಕ್ಟರಿನಲ್ಲಿ ಊರೂರು ಸುತ್ತಿದರು. ಹಗ್ಗಗಳಿಗೆ ಬಂದ ಗತಿಯನ್ನು ಅವಳು ಆಮೇಲೆ ವರ್ಷಗಟ್ಟಲೆ ಹೇಳಿ ನಗಿಸುತ್ತಿದ್ದಳು. ಒಬ್ಬರ ಮನೆಯಲ್ಲಿ ಅದು ಹಂಗಾಮು ಇಲ್ಲದಾಗಲೆಲ್ಲ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಿತ್ತು. ಒದ್ದೆ ಹಾಸಿಗೆಯ ಭಾರಕ್ಕೆ ಮೂವತ್ತು ಸೆಂಟಿಮೀಟರ್ ಜಗ್ಗಿತ್ತು. ಒಬ್ಬರು ಅದರಲ್ಲಿ ಕರು ಕಟ್ಟಿದ್ದರು. ಕರು ಹಸುವಾಗಿತ್ತು, ಹಗ್ಗ ಎಳೆ ಬಿಚ್ಚಿಕೊಂಡಿತ್ತು. ಒಬ್ಬ ಮಹಾಶಯ ಹಗ್ಗ ತುಂಡಾಗಿದ್ದಾಗ ಗಂಟು ಹಾಕಿಕೊಂಡು ಆರು ವರ್ಷ ಹನ್ನೊಂದು ಸೆಂಟಿಮೀಟರ್ ಕಡಿಮೆಯ ಚೌಕವನ್ನೇ ಕೊಯ್ದಿದ್ದ. ಅವನ ವಲಯಕ್ಕೆ ಬೆಳೆ ಸಾಲದು ಎಂದು ಪ್ರತಿವರ್ಷ ಮೇಲಿನಿಂದ ಛೀಮಾರಿ. ಚೌಕದಮ್ಮ ಗಂಟು ತೋರಿಸಿದಾಗ ಅವನು ಅವಳ ಕೈಹಿಡಿದುಕೊಂಡು, "ಅಕ್ಕಾ, ನಮ್ಮ ರೈತರದ್ದೇನೂ ತಪ್ಪಿಲ್ಲ ಅಂತ ಸ್ವಲ್ಪ ಬರೆದುಕೊಡಿ" ಎಂದ. ಅವಳು ಅಲ್ಲೇ ಬರೆದು ಸಹಿ ಹಾಕಿಕೊಟ್ಟಳು. ಒಬ್ಬ ಹಿರಿಯರು ಮಾತ್ರ ಹಗ್ಗ ಬಂದ ದಿನವೇ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹಳೆಯ ಸರಪಳಿಯನ್ನೇ ಹೊತ್ತಿದ್ದರು. ಅವರ ಹಗ್ಗ ಸರಿಯಾಗಿ ಐದು ಮೀಟರ್. "ಯಾಕೆ ಬಳಸ್ಲಿಲ್ಲ?" ಎಂದು ಕೇಳಿದರೆ, "ಹೊಸದು ಕೊಳೆ ಆಗುತ್ತಲ್ಲ" ಎಂದರು.

ಎಲ್ಲ ಕೂಡಿ ಸರಾಸರಿ ತೆಗೆದರೆ ಹಗ್ಗಗಳು ಆರು ಸೆಂಟಿಮೀಟರ್ ಹಿಗ್ಗಿದ್ದವು. ಲೆಕ್ಕದಲ್ಲಿ ತೋರಿಸಿದ ಬೆಳೆ ಇದ್ದದ್ದಕ್ಕಿಂತ ನೂರಕ್ಕೆ ಎರಡೂ ಚಿಲ್ಲರೆಯಷ್ಟು ಹೆಚ್ಚು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವುಗಳ ಸಾಲಿನಲ್ಲಿ ಪೈಲ್ವಾನನದು ಎರಡನೆಯದು. ಬಟ್ಟೆ ಒಣಗಿಸಿದವರ ಹಗ್ಗಕ್ಕೆ ಮೊದಲ ಸ್ಥಾನ ಹೋದದ್ದಕ್ಕೆ ಅವನಿಗೆ ಒಳಗೊಳಗೇ ಬೇಸರವಾಯಿತು.

ಲೆಕ್ಕ ಒಪ್ಪಿಸಲು ರಾಜಧಾನಿಗೆ ಹೋದಾಗ ಚೌಕದಮ್ಮ ಗೆರೆ ಮೇಡಂರನ್ನು ಮೊದಲ ಬಾರಿಗೆ ಕಂಡಳು. ಕುಳ್ಳಗಿನ, ಬೆರಳಿನ ತುಂಬ ಮಸಿ ಮಾಡಿಕೊಂಡ ಹೆಂಗಸು. ಮೇಜಿನ ಮೇಲೆ ಉದ್ದನೆಯ ಕಾಗದ ಬಿಡಿಸಿ ಹಳೆಯ ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಹೊಸ ಗೆರೆ ಎಳೆದರು. ಒಂಬತ್ತು ವರ್ಷದ ಉದ್ದಕ್ಕೂ ಹೊಸ ಗೆರೆ ಹಳೆಯದಕ್ಕಿಂತ ಸ್ವಲ್ಪವೇ ಸ್ವಲ್ಪ ಕೆಳಗೆ ಹೋಯಿತು, ಟೇಪು ಬಂದ ವರ್ಷಕ್ಕೆ ಸೇರಿಕೊಂಡಿತು. ತಗ್ಗು ಹೋಗಿತ್ತು. ಏರಿಕೆ ಹಾಗೆಯೇ ಇತ್ತು.

"ನೋಡಿ, ಎಷ್ಟು ಗಾಬರಿಯಾಗಿದ್ರಿ ನೀವು. ನೀವು ಸೇರಿದಾಗ ಚೌಕಕ್ಕೆ ಎಷ್ಟು ಬರ್ತಿತ್ತು?"

"ಐದು ಕಿಲೋ ಮೇಡಂ."

"ಈಗ?"

"ಏಳು ಎಂಟುನೂರು. ಟೇಪಲ್ಲಿ."

"ಹಗ್ಗ ಸುಳ್ಳಾಗಿ ಸೇರಿಸಿದ್ದು ಆರುನೂರು ಗ್ರಾಂ. ಮಿಕ್ಕಿದ್ದು ಎರಡು ಕಿಲೋ ಎಂಟುನೂರು ನಿಜವಾದ ಬೆಳೆ. ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ."

ಚೌಕದಮ್ಮನಿಗೆ ಎರಡು ತಿಂಗಳಿನ ಭಾರ ಒಮ್ಮೆಲೇ ಇಳಿದಂತಾಯಿತು. ಧೈರ್ಯ ಬಂದು, ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದ ಒಂದು ಮಾತನ್ನೂ ಕೇಳಿಬಿಟ್ಟಳು. "ಮೇಡಂ, ಕಿರುಧಾನ್ಯದ ಗೆರೆ ಎಲ್ಲಿದೆ? ಮೊದಲ ವರ್ಷ ನನ್ನ ಪಟ್ಟಿಯಲ್ಲಿ ಇಪ್ಪತ್ತು ಹೊಲ ಇತ್ತು. ಈ ವರ್ಷ ಎರಡು. ಮುಂದಿನ ವರ್ಷ ಅದೂ ಇರುತ್ತೋ ಇಲ್ವೋ. ನಮ್ಮ ಕಚೇರಿ ಹಲಗೆಯಲ್ಲಿ ಭತ್ತದ್ದು ಮಾತ್ರ ಹಾಕಿದ್ದಾರೆ."

ಗೆರೆ ಮೇಡಂ ಬೀರುವಿನ ತಳದಿಂದ ಇನ್ನೊಂದು ಕಾಗದ ತೆಗೆದರು. ಅದರಲ್ಲಿ ಕಿರುಧಾನ್ಯದ ಗೆರೆ ಇತ್ತು. ಎತ್ತರದಲ್ಲಿ ಶುರುವಾಗಿ ಇಳಿಯುತ್ತ ಇಳಿಯುತ್ತ ಕಾಗದದ ಅಂಚಿಗೆ ಬಂದು ಬಿದ್ದಿತ್ತು. "ಇದನ್ನ ಯಾರೂ ಕೇಳ್ಲೇ ಇಲ್ಲ" ಎಂದರು. "ಇಳಿಯೋ ಗೆರೆ ಜೊತೆ ಯಾರು ಫೋಟೋ ತೆಗೆಸ್ಕೊಳ್ತಾರೆ ಹೇಳಿ." ಅದರ ನಕಲೊಂದನ್ನು ಮಡಚಿ ಅವಳ ಕೈಗಿಟ್ಟರು.

ಆ ವರ್ಷದ ವಾರ್ಷಿಕ ಪುಸ್ತಕದಲ್ಲಿ ಸಣ್ಣಕ್ಷರದ ಅಡಿಟಿಪ್ಪಣಿಯೊಂದು ಬಂತು: 'ಅಳತೆಯ ಸಾಧನದಲ್ಲಿನ ವ್ಯತ್ಯಾಸದಿಂದಾಗಿ ಹಿಂದಿನ ವರ್ಷಗಳ ಅಂಕಿಗಳನ್ನು ಪರಿಷ್ಕರಿಸಲಾಗಿದೆ.' ದರ್ಜಿ ಅದನ್ನು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಜೋರಾಗಿ ಓದಿ ಹೇಳಿದ. "ಇದು ನನ್ನ ಹೆಂಡ್ತಿ ಬಗ್ಗೆ" ಎಂದ. ಗಿರಾಕಿಗಳು ಎರಡೆರಡು ಸಲ ಓದಿದರೂ ಹೆಂಡತಿ ಎಲ್ಲಿದ್ದಾಳೆ ಎಂದು ಅವರಿಗೆ ತಿಳಿಯಲಿಲ್ಲ. ಸೈಕಲ್ ಸ್ಟ್ಯಾಂಡನ್ನು ಸಾಹೇಬರು ಒಡೆಸಲಿಲ್ಲ. ಆದರೆ ಅದರ ಪಕ್ಕದಲ್ಲಿ ಎರಡು ಹೊಸ ಗೂಟ ನೆಡಿಸಿದರು. ಮೊಗಸಾಲೆಯ ಹಲಗೆಯನ್ನು ಅಳಿಸಿ ಹೊಸದಾಗಿ ಬರೆಸುವ ಕೆಲಸವನ್ನು ಚೌಕದಮ್ಮನಿಗೇ ವಹಿಸಿದರು. ಅವಳು ಕೆಂಪು ಗೆರೆಯನ್ನು ಒಂದೆರಡು ಬೆರಳು ಕೆಳಗಿಳಿಸಿ ಬರೆಸಿದಳು. ಅದರ ಜೊತೆಗೆ ಹಸಿರು ಬಣ್ಣದಲ್ಲಿ ಕಿರುಧಾನ್ಯದ ಗೆರೆಯನ್ನೂ ಬರೆಸಿದಳು. ಸಾಹೇಬರು ನೋಡಿ, "ಇದು ಬೇಕಿತ್ತಾ?" ಎಂದರು. "ಇದೂ ನಾವೇ ತೂಗಿದ್ದಲ್ವಾ ಸಾರ್" ಎಂದಳು. ಅವರು ಹಸಿರು ಗೆರೆಯನ್ನು ಇನ್ನೊಮ್ಮೆ ನೋಡಿ ಕೋಣೆಗೆ ಹೋದರು.

ಬಣ್ಣ ಒಣಗಿದ ವಾರದಲ್ಲಿ ಗೊಣಗಜ್ಜ ಯಾವುದೋ ಕಾಗದಕ್ಕೆ ಮೊಹರು ಹಾಕಿಸಲು ಕಚೇರಿಗೆ ಬಂದ. ಗುಮಾಸ್ತ ಊಟಕ್ಕೆ ಹೋಗಿದ್ದ. ಎಂದಿನಂತೆ ಅದಕ್ಕೂ ಗೊಣಗುತ್ತ ಹಲಗೆಯ ಮುಂದೆ ನಿಂತ. ಚೌಕದಮ್ಮ ಪಕ್ಕಕ್ಕೆ ಬಂದು, ಎಡದಿಂದ ಬಲಕ್ಕೆ ವರ್ಷಗಳು, ಮೇಲಕ್ಕೆ ಹೋದರೆ ಬೆಳೆ ಹೆಚ್ಚು, ಕೆಳಕ್ಕೆ ಬಂದರೆ ಕಡಿಮೆ ಎಂದು ತಿಳಿಸಿದಳು. ಮುದುಕ ಹತ್ತಿರ ಸರಿದ. ಒರಟು ತೋರುಬೆರಳನ್ನು ಕೆಂಪು ಗೆರೆಯ ಮೇಲಿಟ್ಟ. ನಿಧಾನಕ್ಕೆ ಬಲಕ್ಕೆ ಜರುಗಿಸಿದ.

"ಇದೇನಿದು, ಇಲ್ಲಿ ಧುತ್ತಂತ ಇಳಿದಿದೆ?"

"ಹದಿನಾರು ವರ್ಷದ ಹಿಂದೆ ಅಜ್ಜಾ."

"ಹಾಂ, ಆಲಿಕಲ್ಲು ಬಿದ್ದ ವರ್ಷ! ಕೊಯ್ಯೋಕೆ ಮೂರು ದಿನ ಇತ್ತು. ಆ ವರ್ಷ ನಮ್ಮ ಕಿರಿಮಗಳ ಮದುವೆ ಮುಂದಕ್ಕೆ ಹಾಕಿದ್ದೆ. ಒಳ್ಳೇದೇ ಆಯ್ತು ಬಿಡು, ಮೊದಲು ನೋಡಿದ್ದ ಗಂಡು ಸರಿ ಇರ್ಲಿಲ್ಲ." ಬೆರಳು ಮುಂದೆ ಹೋಯಿತು. "ಇಲ್ಲಿ ಏರಿದೆಯಲ್ಲ, ಇದು ಕಾಲುವೆ ನೀರು ಬಿಟ್ಟದ್ದು. ನೀರು ಬಂದ ದಿನ ನಾವೆಲ್ಲ ಮುದುಕರು ಅದರಲ್ಲಿ ಬಿದ್ದು ಹೊರಳಾಡಿದ್ವಿ. ಇಲ್ಲಿ ಗಿಡ್ಡ ತಳಿ ಬಂತು. ನಾನು ಬೇಡ ಅಂದೆ, ಮಗ ಹಾಕಿಬಿಟ್ಟ. ಎರಡು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ. ಇಲ್ಲಿ ನೋಡು, ಇಲ್ಲಿ ಮತ್ತೆ ಮಾತಾಡಿದ್ದು." ಗೆರೆ ನಿಜಕ್ಕೂ ಅಲ್ಲಿ ಮೇಲಕ್ಕೆ ಜಿಗಿದಿತ್ತು.

ಆಮೇಲೆ ಬೆರಳು ಹಸಿರು ಗೆರೆಗೆ ಬಂತು. ಅದರ ಜೊತೆ ಇಳಿಯುತ್ತ ಹೋಗಿ, ಕೊನೆಯಲ್ಲಿ ನಿಂತಿತು.

"ಇದು ನವಣೆ, ಹಾರಕ ಅಲ್ವಾ?"

"ಹೌದು. ಹೇಗೆ ಗೊತ್ತಾಯ್ತು?"

"ನಮ್ಮಮ್ಮ ಹೋದ ಮೇಲೆ ಬಿತ್ತಲೇ ಇಲ್ಲ ನಾವು." ಕಣ್ಣು ಕಿರಿದು ಮಾಡಿ ಹಲಗೆಯ ಬಲಗಡೆಯ ಖಾಲಿ ಜಾಗವನ್ನು ನೋಡಿದ. "ಇನ್ನೂ ಜಾಗ ಇದೆಯಲ್ಲ ಇಲ್ಲಿ. ಕಲ್ಲುಬದಿಯ ತುಂಡು ಹೊಲ ಸುಮ್ನೆ ಬಿದ್ದಿದೆ ನಂದು. ಬೀಜ ಯಾರ ಹತ್ರ ಸಿಗಬಹುದು?"

ಚೌಕದಮ್ಮ ತನ್ನ ಪಟ್ಟಿಯಲ್ಲಿ ಉಳಿದಿದ್ದ ಎರಡು ಹೊಲಗಳ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಅಷ್ಟರಲ್ಲಿ ಮೊಹರು ಹಾಕಿಸಲು ಬಂದಿದ್ದ ಇನ್ನೂ ನಾಲ್ಕಾರು ಮಂದಿ ಸುತ್ತ ಸೇರಿ, "ನಮ್ಮ ಬಾವಿ ತೋಡಿದ ವರ್ಷ ಎಲ್ಲಿದೆ ನೋಡಮ್ಮಾ", "ನಾವು ಬೇರೆ ಮನೆ ಹೂಡಿದ್ದು ಯಾವುದು" ಎಂದು ಗೆರೆಯ ಮೇಲೆ ಬೆರಳಿಡತೊಡಗಿದರು. ಗದ್ದಲ ಕೇಳಿ ಸಾಹೇಬರು ಹೊರಬಂದರು. ಗೋಡೆಗೆ ಮುಖ ಮಾಡಿ ಜಗಳವಾಡುತ್ತಿದ್ದ ಗುಂಪನ್ನು ಬೆರಗಿನಿಂದ ನೋಡಿದರು. ಒಳಗೆ ಹೋಗಿ ತಮ್ಮ ಕುರ್ಚಿಯನ್ನೇ ಎಳೆದುತಂದು ಗೊಣಗಜ್ಜನ ಹಿಂದಿಟ್ಟು, "ಕೂತ್ಕೊಂಡು ಹೇಳಿ ಯಜಮಾನ್ರೇ, ನನಗೂ ಕೇಳ್ಸೋ ಹಾಗೆ" ಎಂದರು.